ಆ ಡಯೋಡನ್ನು ಅಲ್ಲಿಂದ ತೆಗೆಯಿರಿ

ನಮಸ್ಕಾರ. ಬ್ಯಾಕ್ ಇಎಂಎಫ್ (ತಿರುಗುವ ಮೋಟಾರ್ ತನ್ನೊಳಗೇ ಹುಟ್ಟಿಸುವ ಎದುರು ವೋಲ್ಟೇಜ್) ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಚಿತ್ರಗಳೂ ಅಚ್ಚುಕಟ್ಟು. ಆದರೆ ಎರಡನೇ ಪುಟದ ಒಂದು ಪ್ಯಾರಾ ಓದಿ ರೇಗಿಹೋಯಿತು. ಅದನ್ನಷ್ಟೇ ಹಿಡಿದುಕೊಳ್ಳುತ್ತೇನೆ.

“ಬ್ಯಾಕ್ ಇಎಂಎಫ್ ಮೋಟಾರಿಗೆ ತೊಡಕು, ಕರೆಂಟನ್ನು ವ್ಯರ್ಥ ಮಾಡುತ್ತದೆ” ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. 220 ವೋಲ್ಟಿನ ಡಿಸಿ ಮೋಟಾರ್, ಆರ್ಮೇಚರ್ (ತಿರುಗುವ ಸುರುಳಿ) ರೆಸಿಸ್ಟೆನ್ಸ್ 0.5 ಓಂ, ಲೋಡ್ ಮೇಲೆ 20 ಆಂಪಿಯರ್. ರೆಸಿಸ್ಟೆನ್ಸಿಗೆ 10 ವೋಲ್ಟ್ ಹೋದರೆ ಉಳಿದ 210 ವೋಲ್ಟೇ ಬ್ಯಾಕ್ ಇಎಂಎಫ್. ಆರ್ಮೇಚರಿಗೆ ಹೋದ 4,400 ವ್ಯಾಟಿನಲ್ಲಿ ಬರೀ 200 ಬಿಸಿಯಾಗುತ್ತದೆ. ಮಿಕ್ಕ 4,200, ಅಂದರೆ 210 × 20, ತಿರುಗುವ ಕೆಲಸವಾಗುವುದು ಬ್ಯಾಕ್ ಇಎಂಎಫ್ ಇರುವುದರಿಂದಲೇ. (ಬೇರಿಂಗಿನ ಘರ್ಷಣೆ, ಕಬ್ಬಿಣದ ತಿರುಳು ಬಿಸಿಯಾಗುವ ನಷ್ಟವನ್ನು ಅದರಲ್ಲೇ ಕಳೆಯಬೇಕು.) ಬೆಂಗಳೂರಿನ ಪೀಣ್ಯದಲ್ಲಿ ನಾವು ಕೆಲಸ ಕಲಿಯುವಾಗ ಮೀಟರ್ ಕೈಗೆ ಸಿಗುವ ಮೊದಲೇ ಬರುತ್ತಿದ್ದ ಪ್ರಶ್ನೆ: “ನಿಂತ ಮೋಟಾರ್ ಎಷ್ಟು ಎಳೆಯುತ್ತೆ?” ನಿಂತಾಗ ಬ್ಯಾಕ್ ಇಎಂಎಫ್ ಸೊನ್ನೆ, ತಡೆಯಲು ಬರೀ 0.5 ಓಂ; ಇಲ್ಲಿ 440 ಆಂಪಿಯರ್. ಶುರುವಿನ ಕರೆಂಟಿಗೆ ಕಡಿವಾಣ ಹಾಕುವ ಸ್ಟಾರ್ಟರ್ ಇರುವುದು ಅದಕ್ಕೇ. ಗಟ್ಟಿ ಚಟ್ನಿಗೆ ಮಿಕ್ಸಿ ಬ್ಲೇಡ್ ಸಿಕ್ಕಿಬಿದ್ದಾಗ ತಳದ ಓವರ್‌ಲೋಡ್ ಬಟನ್ ಹೊರಗೆ ಜಿಗಿಯುವುದೂ ಅದಕ್ಕೇ.

ಮುಂದಿನ ಸಾಲು: “ಇದನ್ನು ತಡೆಯಲು ಡಯೋಡ್ ಹಾಕಬೇಕು.” (ಡಯೋಡ್ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ.) ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದೀರಿ. ಸ್ವಿಚ್ ಆಫ್ ಮಾಡಿದಾಗ ಏಳುವ ಸ್ಪೈಕ್ (ವೋಲ್ಟೇಜಿನ ದಿಢೀರ್ ಜಿಗಿತ), ಕಾಯಿಲಿನ ಕರೆಂಟ್ ಥಟ್ಟನೆ ಕಡಿದದ್ದಕ್ಕೆ ಬರುವುದು. ರಿಲೇಯಲ್ಲೂ (ಕಾಯಿಲಿನ ಸೆಳೆತದಿಂದ ನಡೆಯುವ ಸ್ವಿಚ್) ಬರುತ್ತದೆ, ಅಲ್ಲಿ ತಿರುಗುವುದೇನಿದೆ? ಸ್ಪೈಕಿನ ಪ್ಲಸ್ಸು ಮೈನಸ್ಸು ಸಪ್ಲೈಗೆ ತಿರುಗುಮುರುಗು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 1ಎನ್4007 ಡಯೋಡ್ ಅದನ್ನು ನುಂಗುತ್ತದೆ (ಪಿಡಬ್ಲ್ಯುಎಂ, ಅಂದರೆ ವೇಗ ಹಿಡಿತಕ್ಕೆ ಸಪ್ಲೈಯನ್ನು ಬೇಗಬೇಗ ಆನ್-ಆಫ್ ಮಾಡುವುದು, ಇದ್ದರೆ ಅದು ನಿಧಾನ; ಶಾಟ್ಕಿ ಎಂಬ ಚುರುಕು ಡಯೋಡ್ ಹಾಕಿ). ಬ್ಯಾಕ್ ಇಎಂಎಫ್‌ನ ಪ್ಲಸ್ಸು ಸಪ್ಲೈಯ ಪ್ಲಸ್ಸಿನ ಕಡೆಯೇ ಇರುತ್ತದೆ. ಆ ಡಯೋಡ್ ಅದನ್ನು ಮುಟ್ಟುವುದೂ ಇಲ್ಲ.

ಬ್ಯಾಕ್ ಇಎಂಎಫ್ “ಇಂಡಕ್ಷನ್ ಮೋಟಾರಿನಲ್ಲೂ ನಿಂತಾಗ ಸೊನ್ನೆ” ಎಂಬುದನ್ನೂ ಹೊಡೆದುಹಾಕಿ; ಅದು ಎಸಿ ಮೋಟಾರ್. ರೋಟರ್ (ತಿರುಗುವ ಭಾಗ) ನಿಂತಿದ್ದರೂ ಸ್ಟೇಟರಿನ (ಕದಲದ ಭಾಗದ) ಕಾಂತೀಯ ಫೀಲ್ಡ್ ತಿರುಗುತ್ತಲೇ ಇರುತ್ತದೆ, ಅದರ ವೈಂಡಿಂಗಿನಲ್ಲಿ ಇಎಂಎಫ್ ಇದ್ದೇ ಇರುತ್ತದೆ. ಜೊತೆಗೆ ಲೀಕೇಜ್ ರಿಯಾಕ್ಟೆನ್ಸ್ (ಸುರುಳಿಗಳು ಎಸಿಗೆ ಒಡ್ಡುವ ತಡೆ) ಕರೆಂಟನ್ನು ತಡೆದು ಹಿಡಿಯುತ್ತದೆ. ಹಾಗಾಗಿ ಸ್ಟಾರ್ಟಿಂಗ್ ಕರೆಂಟ್ ಸಾಮಾನ್ಯವಾಗಿ ಫುಲ್ ಲೋಡಿನ ಐದರಿಂದ ಏಳು ಪಟ್ಟು. ಮೇಲಿನ ಡಿಸಿ ಮೋಟಾರಿನಂತೆ 22 ಪಟ್ಟಲ್ಲ.

ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರ್) ಭಾಗ ಪರವಾಗಿಲ್ಲ. ಸೆನ್ಸರ್ ಇಲ್ಲದ ಕಂಟ್ರೋಲರಿಗೆ ನಿಂತ ರೋಟರ್ ಎಲ್ಲಿದೆಯೆಂದು ಬ್ಯಾಕ್ ಇಎಂಎಫ್‌ನಿಂದ ತಿಳಿಯುವುದಿಲ್ಲ, ಅದಕ್ಕೇ ಶುರುವಿನಲ್ಲಿ ಕುರುಡಾಗಿ ತಳ್ಳುತ್ತದೆ ಎಂಬ ಮಾತು ಸೇರಿಸಿ.

ತಿದ್ದಿ ಕಳಿಸುವ ಮುನ್ನ ಎಲೆಕ್ಟ್ರಿಕ್ ಸ್ಕೂಟರಿನ ಹಬ್ (ಚಕ್ರದೊಳಗಿನ) ಮೋಟಾರೊಂದನ್ನು ಬೆಂಚಿಗೆ ಬಿಗಿದು, ಕಂಟ್ರೋಲರಿನಿಂದ ಮೂರೂ ಫೇಸ್ ವೈರ್ ಬಿಡಿಸಿ, ಎರಡರ ನಡುವೆ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಡಿ. ಕೈಯಲ್ಲಿ ತಿರುಗಿಸಿ, ವೇಗ ಹೆಚ್ಚಿದಂತೆ ರೀಡಿಂಗ್ ಏರುವುದನ್ನು ಬರೆದುಕೊಳ್ಳಿ. ವೈರುಗಳು ಒಂದಕ್ಕೊಂದು ತಾಗದಿರಲಿ, ತಾಗಿದರೆ ಚಕ್ರ ಬಿಗಿಯಾಗುತ್ತದೆ.