ನಿಮ್ಮ ಪ್ರಶ್ನೆ: ವೆನೆಜುವೆಲಾದ ನುನ್ಸಿಯೊ ‘ಅಕ್ವಾಪೆಂಡೆಂಟೆಯ ಆರ್ಚ್‌ಬಿಷಪ್’ ಹೇಗಾದರು?
ನೀವು ಅಕ್ವಾಪೆಂಡೆಂಟೆಯನ್ನು ವೆನೆಜುವೆಲಾದ ನಕ್ಷೆಯಲ್ಲಿ ಹುಡುಕುತ್ತಿರುವುದೇ ತೊಡಕು. ಅದು ಇಟಲಿಯ ಊರು. ಪಿಯೆತ್ರೊ ಪರೋಲಿನ್ 2009ರಿಂದ 2013ರವರೆಗೆ ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ ಪೋಪ್ ಅವರ ರಾಯಭಾರಿ, ಅಂದರೆ ನುನ್ಸಿಯೊ. ನುನ್ಸಿಯೊಗಳಿಗೆ ಸಾಮಾನ್ಯವಾಗಿ ಆರ್ಚ್‌ಬಿಷಪ್ ದರ್ಜೆ ಕೊಟ್ಟು, ಈಗ ಚಾಲ್ತಿಯಲ್ಲಿಲ್ಲದ ಹಳೆಯ ಧರ್ಮಪ್ರಾಂತ್ಯವೊಂದರ ಹೆಸರು ಜೋಡಿಸುತ್ತಾರೆ. ಅಲ್ಲಿ ಅವರಿಗೆ ಆಡಳಿತವೇನೂ ಇರುವುದಿಲ್ಲ. ಪರೋಲಿನ್ ಅವರಿಗೆ ಜೋಡಿಸಿದ್ದು ಅಕ್ವಾಪೆಂಡೆಂಟೆಯ ಹೆಸರು. ಕರಾಕಸ್‌ನ ಆರ್ಚ್‌ಬಿಷಪ್ ಆಗ ಹೋರ್ಹೆ ಉರೋಸಾ ಸವಿನೊ. ಇಬ್ಬರನ್ನೂ ಬೆರೆಸಿದರೆ ನೀವು ಮಾಡುತ್ತಿರುವ ನುನ್ಸಿಯೊಗಳ ಪಟ್ಟಿಯೇ ಕೆಡುತ್ತದೆ.

ಮೊದಲು ವ್ಯಾಟಿಕನ್ ಪತ್ರಿಕಾ ಕಚೇರಿಯ 2009ರ ಆಗಸ್ಟ್ 17ರ ಬುಲೆಟಿನ್ ತೆರೆದು ನೇಮಕಗಳ ಭಾಗ ನೋಡಿ. ಆಮೇಲೆ ಪಟ್ಟಿಯಲ್ಲಿ ಹುದ್ದೆಯ ದೇಶಕ್ಕೊಂದು, ಬಿರುದಿನ ಊರಿಗೊಂದು ಕಾಲಂ ಮಾಡಿ. ನಿಮ್ಮಲ್ಲಿರುವ ದಿನಾಂಕ ಸೆಪ್ಟೆಂಬರ್ 12 ಆಗಿದ್ದರೆ ಅದು ಬಿಷಪ್ ದೀಕ್ಷೆಯದು, ನೇಮಕದ್ದಲ್ಲ, ತಿದ್ದಿಕೊಳ್ಳಿ.