ವಾಯೇಜರ್ ದಾಟಿದ್ದು ಯಾವ ಗಡಿಯನ್ನು?

ಮಾನ್ಯರೆ,

ಕಳೆದ ಸಂಚಿಕೆಯ ಲೇಖನದಲ್ಲಿ ‘ವಾಯೇಜರ್-1 ನೌಕೆಯು 2012ರಲ್ಲಿ ಸೌರಮಂಡಲವನ್ನು ಬಿಟ್ಟು ಹೊರಟುಹೋಯಿತು’ ಎಂದು ನಾವು ಅಚ್ಚು ಮಾಡಿದ್ದನ್ನು ತರಗತಿಯಲ್ಲಿ ಓದಿ ಹೇಳಿದಾಗ, ವಿದ್ಯಾರ್ಥಿನಿಯೊಬ್ಬಳು ‘ಊರ್ಟ್ ಮೋಡವೂ ಸೌರಮಂಡಲದ್ದೇ ಅಲ್ಲವೆ, ಅದನ್ನೂ ದಾಟಿತೆ?’ ಎಂದು ಕೇಳಿದಳೆಂದೂ, ಆಗ ತಮಗೆ ಉತ್ತರ ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ದಾಟಿಲ್ಲ. ಅವಳ ಸಂದೇಹ ಸರಿಯಾದದ್ದು, ತಪ್ಪಿರುವುದು ನಮ್ಮ ವಾಕ್ಯ.

ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುದಾವೇಶದ ಕಣಗಳು ಎಡೆಬಿಡದೆ ಹೊಮ್ಮುತ್ತಿರುತ್ತವೆ. ಇದನ್ನೇ ಸೌರಮಾರುತ ಎನ್ನುವುದು. ದೂರ ಹೋದಂತೆಲ್ಲ ತೆಳುವಾಗುವ ಈ ಗಾಳಿ, ಒಂದು ಹಂತದಲ್ಲಿ ನಕ್ಷತ್ರಗಳ ನಡುವಿನ ಅನಿಲದ ಒತ್ತಡವನ್ನು ಎದುರಿಸಲಾರದೆ ನಿಂತುಬಿಡುತ್ತದೆ. ಆ ಅಂಚಿಗೆ ಹೀಲಿಯೋಪಾಸ್ ಎಂದು ಹೆಸರು. ವಾಯೇಜರ್-1 ದಾಟಿದ್ದು ಇದನ್ನು ಮಾತ್ರ. ಆದರೆ ಗಾಳಿ ನಿಂತಲ್ಲಿಗೆ ಸೂರ್ಯನ ಸೆಳೆತ ನಿಲ್ಲುವುದಿಲ್ಲ. ಡಚ್ ಖಗೋಳವಿಜ್ಞಾನಿ ಯಾನ್ ಊರ್ಟ್ 1950ರಲ್ಲಿ ಧೂಮಕೇತುಗಳ ಕಕ್ಷೆಗಳನ್ನು ಲೆಕ್ಕಹಾಕಿ, ಬಹುದೂರದಲ್ಲಿ ಹಿಮದುಂಡೆಗಳ ದೊಡ್ಡ ಸಮೂಹವೊಂದು ಸೂರ್ಯನನ್ನು ಸುತ್ತುತ್ತಿರಬೇಕೆಂದು ಹೇಳಿದರು. ಊರ್ಟ್ ಮೋಡ ಎನ್ನುವುದು ಇದನ್ನೇ. ಅದನ್ನು ಇಂದಿಗೂ ನೇರವಾಗಿ ಕಂಡವರಿಲ್ಲವಾದರೂ, ಸೂರ್ಯನಿಗೆ ಕಟ್ಟುಬಿದ್ದಿರುವುದೆಲ್ಲವೂ ಸೌರಮಂಡಲವೇ ಎಂದು ಒಪ್ಪುವುದಾದರೆ ಅದನ್ನು ಹೊರಗಿಡುವಂತಿಲ್ಲ.

ಹೀಲಿಯೋಪಾಸ್ ದಾಟಿದ್ದು ತಿಳಿದುಬಂದ ಬಗೆಯನ್ನು ನಾವು ಬರೆಯದೇ ಬಿಟ್ಟದ್ದು ಇನ್ನೊಂದು ಕೊರತೆ. 2012ರ ಆಗಸ್ಟ್‌ನಲ್ಲಿ ಸೂರ್ಯನ ಕಡೆಯ ಕಣಗಳು ಥಟ್ಟನೆ ಕಡಿಮೆಯಾಗಿ, ಹೊರಗಿನ ವಿಶ್ವಕಿರಣಗಳು ಹೆಚ್ಚಿದವು. ಆದರೆ ಕಾಂತಕ್ಷೇತ್ರದ ದಿಕ್ಕು ನಿರೀಕ್ಷೆಯಂತೆ ಬದಲಾಗಲಿಲ್ಲವಾದ್ದರಿಂದ, ನೌಕೆ ಒಳಗಿದೆಯೋ ಹೊರಗಿದೆಯೋ ಎಂದು ವಿಜ್ಞಾನಿಗಳಲ್ಲೇ ವರ್ಷಕಾಲ ವಾದ ನಡೆಯಿತು. ಪ್ಲಾಸ್ಮಾ, ಎಂದರೆ ವಿದ್ಯುದಾವೇಶದ ಕಣಗಳ ಅನಿಲ, ಹೀಲಿಯೋಪಾಸ್‌ನ ಹೊರಗೆ ಒಳಗಿನದಕ್ಕಿಂತ ದಟ್ಟವಾಗಿರುವುದರಿಂದ, ಅದರ ಸಾಂದ್ರತೆಯನ್ನು ಅಳೆದಿದ್ದರೆ ಕೂಡಲೇ ಇತ್ಯರ್ಥವಾಗುತ್ತಿತ್ತು. ಆದರೆ ಅದಕ್ಕೆಂದೇ ಇದ್ದ ಉಪಕರಣ 1980ರಲ್ಲೇ ಕೆಟ್ಟಿತ್ತು. ದಾರಿ ತೋರಿಸಿದ್ದು ಸೂರ್ಯನೇ. 2012ರ ಮಾರ್ಚ್‌ನಲ್ಲಿ ಅಲ್ಲಿ ಆದ ಸ್ಫೋಟದ ಅಲೆ ಹದಿಮೂರು ತಿಂಗಳು ಪಯಣಿಸಿ ನೌಕೆಯ ಸುತ್ತಲಿನ ಪ್ಲಾಸ್ಮಾವನ್ನು ತಂತಿ ಮೀಟಿದಂತೆ ಕಂಪಿಸಿತು. ಬೇರೊಂದು ಉಪಕರಣ ಆ ಕಂಪನವನ್ನು ದಾಖಲಿಸಿತು. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ಅವರ ತಂಡವು ಕಂಪನದ ಶ್ರುತಿಯಿಂದಲೇ ಸಾಂದ್ರತೆಯನ್ನು ಕಂಡುಹಿಡಿದಾಗ, ಅದು ಹೀಲಿಯೋಪಾಸ್‌ನ ಒಳಗೆ ಇದ್ದುದಕ್ಕಿಂತ ಸುಮಾರು 40 ಪಟ್ಟು ಹೆಚ್ಚಿತ್ತು. ಹಿಂದಕ್ಕೆ ಲೆಕ್ಕ ಹಾಕಿ, ದಾಟಿದ ದಿನ 2012ರ ಆಗಸ್ಟ್ 25 ಎಂದು ನಿಶ್ಚಯಿಸಿದರು; ನಾಸಾ ಪ್ರಕಟಿಸಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಇಡೀ ಯಾನದಲ್ಲಿ ನನಗೆ ಗ್ರಹಗಳ ಚಿತ್ರಗಳಿಗಿಂತಲೂ ಹೆಚ್ಚು ಇಷ್ಟವಾಗುವ ಪ್ರಸಂಗ ಇದು.

ದೂರದ ಅಂದಾಜು ತರಗತಿಗೆ ಹೀಗೆ ಹೇಳಬಹುದು. ಭೂಮಿಗೂ ಸೂರ್ಯನಿಗೂ ಇರುವ ಸುಮಾರು 15 ಕೋಟಿ ಕಿಲೋಮೀಟರನ್ನು ಮುಕ್ಕಾಲು ಮೀಟರಿನ ಒಂದು ಹೆಜ್ಜೆ ಎಂದುಕೊಂಡು, ಸೂರ್ಯನನ್ನು ಬೆಂಗಳೂರಿನಲ್ಲಿಟ್ಟು ತುಮಕೂರಿನ ಕಡೆ ಹೊರಡಿ. ನೆಪ್ಚೂನ್ 30 ಹೆಜ್ಜೆಗೆ, ಹೀಲಿಯೋಪಾಸ್ ಸುಮಾರು 120 ಹೆಜ್ಜೆಗೆ ಸಿಗುತ್ತದೆ. 1977ರಲ್ಲಿ ಹೊರಟು, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವಾಯೇಜರ್-1 ಈಗ 170ನೆಯ ಹೆಜ್ಜೆಯ ಆಸುಪಾಸಿನಲ್ಲಿದೆ, ಎಂದರೆ ಇನ್ನೂ ಹೊರಟ ಬೀದಿಯನ್ನೇ ದಾಟಿಲ್ಲ. ಊರ್ಟ್ ಮೋಡದ ಹೊರಅಂಚು ಲಕ್ಷ ಹೆಜ್ಜೆಯಷ್ಟು ದೂರವೆಂದರೆ ತುಮಕೂರು ಹಿಂದೆ ಬೀಳುತ್ತದೆ; ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು ಹೆಚ್ಚುಕಡಿಮೆ ಚಿತ್ರದುರ್ಗದಲ್ಲಿ. ಊರ್ಟ್ ಮೋಡದ ಒಳಅಂಚು ಮುಟ್ಟಲು ಸುಮಾರು 300 ವರ್ಷ, ಅದನ್ನು ಹಾದುಹೋಗಲು ಸುಮಾರು 30,000 ವರ್ಷ ಬೇಕೆಂಬುದು ನಾಸಾದ ಅಂದಾಜು. ಮನುಷ್ಯರು ಖುದ್ದಾಗಿ ಹೋಗಿರುವ ಚಂದ್ರ ಈ ಅಳತೆಯಲ್ಲಿ ಭೂಮಿಯಿಂದ ಎರಡು ಮಿಲಿಮೀಟರ್ ಆಚೆಗಿದೆ.

ನೌಕೆಯಲ್ಲಿ ಕನ್ನಡವಿದೆಯೇ ಎಂದೂ ಕೇಳಿದ್ದೀರಿ. ಇದೆ. ಅದು ಹೊತ್ತೊಯ್ದ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ರಾಗವೂ ಅದರಲ್ಲಿದೆ. ಪ್ಲುಟೋನಿಯಂನಿಂದ ದೊರೆಯುವ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್‌ನಂತೆ ಕುಗ್ಗುತ್ತಿರುವುದರಿಂದ ನೌಕೆಯ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ಸಂಕೇತಗಳು ನಿಂತ ಮೇಲೂ ತಟ್ಟೆ ಸಾಗುತ್ತಲೇ ಇರುತ್ತದೆ.

ನಮ್ಮ ವಾಕ್ಯವನ್ನು ಹೀಗೆ ತಿದ್ದಿ ಓದಿಕೊಳ್ಳಬೇಕಾಗಿ ಕೋರಿಕೆ: ‘ವಾಯೇಜರ್-1 ನೌಕೆಯು 2012ರ ಆಗಸ್ಟ್ 25ರಂದು ಸೌರಮಾರುತದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಿನ ಅವಕಾಶವನ್ನು ಪ್ರವೇಶಿಸಿತು, ಸೂರ್ಯನ ಸೆಳೆತದ ವಲಯದಲ್ಲಿ ಅದು ಇನ್ನೂ ಇದೆ.’

– ಸಂಪಾದಕ