ಲೈನ್ ಒಂದೇ ಇರಲಿ, ಗಿರಾಕಿ ಅವರವರಿಗಿರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳ್ಳಿ ಇಂಟರ್ನೆಟ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಿಂದ ಪತ್ರ ಬಂದಿವೆ. ಊರಿಗೆ ಫೈಬರ್ ಬಂದಿದೆ, ಆದರೆ ನೆಟ್ ನಿಲ್ಲುವುದಿಲ್ಲ ಅನ್ನುವ ಗೋಳೇ ಜಾಸ್ತಿ. ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನಲ್ಲಿ ಮೊದಲು ಕೇಬಲ್ ಟಿವಿ ನಡೆಸುತ್ತಿದ್ದೆ. ಈಗ ಲೈಸೆನ್ಸ್ ಇರುವ ಒಂದು ಕಂಪನಿಯ ಫ್ರಾಂಚೈಸಿ ತಗೊಂಡು ಇಂಟರ್ನೆಟ್ ಕೊಡುತ್ತಿದ್ದೇನೆ. ನನ್ನ ಲೈನ್ ಯಾದಗಿರಿ ಕಡೆಯಿಂದ ಬರುತ್ತದೆ. ಇನ್ನೊಬ್ಬ ಆಪರೇಟರ್ ಜೇವರ್ಗಿ ಕಡೆಯಿಂದ ನಮ್ಮ ಪಕ್ಕದ ಹಳ್ಳಿವರೆಗೆ ಲೈನ್ ಎಳೆದಿದ್ದಾರೆ. "ಇಬ್ಬರೂ ಕೂಡಿ ಮಾಡೋಣ್ರೀ" ಅನ್ನುತ್ತಾರೆ. ನನ್ನ ಗಿರಾಕಿಗಳನ್ನು ಎಳೆದುಕೊಂಡರೆ ಏನು ಗತಿ ಅಂತ ಭಯ. ಏನು ಮಾಡಲಿ?

ಉತ್ತರ: ಕೂಡಿ ಮಾಡಿ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಮೇನ್ ಲೈನ್ ಮಾತ್ರ ಕೂಡಿ ಮಾಡಿ. ಗಿರಾಕಿ, ಬಿಲ್ಲು, ರೇಟು, ಇವೆಲ್ಲ ಅವರವರಿಗೇ ಇರಲಿ.

ಈಗ ನಿಮ್ಮ ಸ್ಥಿತಿ ನೋಡಿ. ಯಾದಗಿರಿಯಿಂದ ಬರುವ ನಿಮ್ಮ ಲೈನ್ ಕೊನೆ ಹಳ್ಳಿಯಲ್ಲಿ ಮುಗಿಯುತ್ತದೆ. ಅವರದ್ದೂ ಹಾಗೆಯೇ, ಜೇವರ್ಗಿಯಿಂದ ಬಂದು ಮುಗಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ ಜೆಸಿಬಿ ಹಲ್ಲು ತಾಗಿದರೆ ಅಲ್ಲಿಂದ ಮುಂದಿನ ಊರೆಲ್ಲ ಬಂದ್. ಇಬ್ಬರ ಕೊನೆಗಳ ನಡುವೆ ಇರುವ ಆ ಸ್ವಲ್ಪ ದೂರಕ್ಕೆ ಕೇಬಲ್ ಎಳೆದು ಜೋಡಿಸಿ, ಎರಡೂ ತುದಿಯಲ್ಲಿ ಅದಕ್ಕೆ ತಕ್ಕ ನೆಟ್‌ವರ್ಕ್ ಸ್ವಿಚ್ ಹಾಕಿದರೆ ರಿಂಗ್ ಆಗುತ್ತದೆ. ಒಂದು ಕಡೆ ಕಟ್ ಆದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬರುತ್ತದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಸರ್ಕಾರದ ಭಾರತ್‌ನೆಟ್ ಯೋಜನೆ ಕೂಡ ಮೊದಲು ಬ್ಲಾಕ್‌ನಿಂದ ಪಂಚಾಯಿತಿಗೆ ಒಂಟಿ ಲೈನ್ ಎಳೆದುಕೊಂಡೇ ಹೋಯಿತು, 2023ರಲ್ಲಿ ಯೋಜನೆ ತಿದ್ದಿದಾಗ ರಿಂಗ್‌ಗೆ ಬಂತು. ಅಷ್ಟು ದೊಡ್ಡ ಯೋಜನೆಗೇ ಒಂಟಿ ಲೈನ್ ಸಾಲಲಿಲ್ಲ ಅಂದ ಮೇಲೆ ನಿಮ್ಮಂಥ ಸಣ್ಣ ಆಪರೇಟರ್ ಒಬ್ಬರೇ ಹೇಗೆ ತಡೆದುಕೊಳ್ಳುತ್ತೀರಿ?

ಒಂದು ಎಚ್ಚರ. ರಿಂಗ್ ಅಂತ ಕಾಗದದ ಮೇಲೆ ಬರೆದರೆ ಸಾಲದು, ಎರಡೂ ಲೈನ್ ಎಲ್ಲೆಲ್ಲಿ ಹೋಗುತ್ತವೆ ಅಂತ ಗಾಡಿಯಲ್ಲಿ ಕೂತು ಕಣ್ಣಾರೆ ನೋಡಿ ಬನ್ನಿ. ನಿಮ್ಮ ಕಡೆ ಭೀಮಾ ನದಿ ದಾಟಲೇಬೇಕು. ಎರಡೂ ಲೈನ್ ಒಂದೇ ಸೇತುವೆ ಮೇಲೆ ಹೋದರೆ ಪ್ರವಾಹದಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮದು ಯಾದಗಿರಿ ಹತ್ತಿರ ನದಿ ದಾಟುತ್ತದೆ. ಅವರದು ಕಲಬುರಗಿಯಿಂದ ಬರುವುದಾದರೆ ಕಟ್ಟಿಸಂಗಾವಿ ಸೇತುವೆ ಮೇಲೆ ದಾಟುತ್ತದೆ. ಹಾಗಿದ್ದರೆ ಅದು ನಿಜವಾದ ರಿಂಗ್, ನಿಮ್ಮ ಅದೃಷ್ಟ ಚೆನ್ನಾಗಿದೆ.

ಕೇಬಲ್ ಒಳಗಿನ ಕೋರ್ (ಗಾಜಿನ ಎಳೆ) ಹಂಚಿಕೊಳ್ಳುವುದು ಕಷ್ಟವಲ್ಲ. 24 ಕೋರ್ ಕೇಬಲ್ ಬಿಚ್ಚಿದರೆ ಒಳಗೆ ಬಣ್ಣಬಣ್ಣದ ಟ್ಯೂಬ್ ಇರುತ್ತವೆ. ನೀಲಿ ಟ್ಯೂಬ್ ನಿಮಗೆ, ಕಿತ್ತಳೆ ಟ್ಯೂಬ್ ಅವರಿಗೆ ಅಂತ ಒಪ್ಪಿಕೊಂಡು ಪ್ರತಿ ಜಾಯಿಂಟ್ ಬಾಕ್ಸ್ ಮುಚ್ಚಳದ ಒಳಗೆ ಅದನ್ನೇ ಬರೆದು ಅಂಟಿಸಿ. ರಾತ್ರಿ ಟಾರ್ಚ್ ಹಿಡಿದು ಜಾಯಿಂಟ್ ಮಾಡುವ ಹುಡುಗ ಯಾರನ್ನೂ ಕೇಳಬೇಕಾಗಿ ಬರಬಾರದು.

ಇನ್ನು ಕರಾರು. ಆಪರೇಟರುಗಳು ಕೂತಾಗ ಮೊದಲು ದುಡ್ಡಿನ ಮಾತೇ ತೆಗೆಯುತ್ತಾರೆ, ಅಲ್ಲಿಗೇ ಜಗಳ ಶುರು. ಮೊದಲು ರಿಪೇರಿ ಮಾತಾಡಿ. ಕಟ್ ಆದರೆ ಯಾವ ಊರಿನಿಂದ ಯಾವ ಊರಿನವರೆಗೆ ಯಾರು ಹೊರಡಬೇಕು, ಎಷ್ಟು ಗಂಟೆಯೊಳಗೆ, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷೀನ್ ಯಾರ ಅಂಗಡಿಯಲ್ಲಿ ಇರಬೇಕು, ಅದರ ಬ್ಯಾಟರಿ ಚಾರ್ಜ್ ಮಾಡಿಡುವವರು ಯಾರು, ಉಳಿದ ಕೇಬಲ್ ಡ್ರಮ್ ಎಲ್ಲಿ. ಇಷ್ಟು ಬರೆದು ಇಬ್ಬರೂ ಸಹಿ ಹಾಕಿದರೆ ದುಡ್ಡಿನ ಲೆಕ್ಕ ತಾನಾಗಿಯೇ ದಾರಿಗೆ ಬರುತ್ತದೆ, ಯಾಕೆಂದರೆ ಖರ್ಚು ಎಲ್ಲಿ ಆಗುತ್ತದೆ ಅಂತ ಅಷ್ಟೊತ್ತಿಗೆ ಇಬ್ಬರಿಗೂ ಗೊತ್ತಾಗಿರುತ್ತದೆ. ಬಾಯಿ ಮಾತಿನ ಮೇಲೆ ಮಾತ್ರ ಬಿಡಬೇಡಿ, ಎಷ್ಟೇ ಬೇಕಾದವರಾಗಿರಲಿ.

ಗಿರಾಕಿ ಹೋಗುತ್ತಾರೆ ಅನ್ನುವ ಭಯಕ್ಕೆ ನಮ್ಮ ಉತ್ತರ ಇಷ್ಟೇ: ನೆಟ್ ಬಂದಾದಾಗ ಫೋನ್ ಎತ್ತುವ ಆಪರೇಟರನ್ನು ಹಳ್ಳಿಯವರು ಸುಲಭಕ್ಕೆ ಬಿಡುವುದಿಲ್ಲ. ಗಿರಾಕಿಗಳ ಪಟ್ಟಿ ಒಬ್ಬರದ್ದು ಇನ್ನೊಬ್ಬರು ನೋಡುವಂತಿಲ್ಲ ಅಂತಲೂ ಕರಾರಿನಲ್ಲಿ ಸೇರಿಸಿ.

ಕೇರಳದ ಕಡೆ ನೋಡಿ. ಅಲ್ಲಿನ ಸಣ್ಣ ಕೇಬಲ್ ಆಪರೇಟರುಗಳೇ ಕೂಡಿ ಕೇರಳ ವಿಷನ್ ಕಟ್ಟಿಕೊಂಡರು. ಇವತ್ತು ದೇಶದಲ್ಲಿ ವೈರ್ ಬ್ರಾಡ್‌ಬ್ಯಾಂಡ್ ಕೊಡುವ ದೊಡ್ಡ ಸಂಸ್ಥೆಗಳ ಸಾಲಿನಲ್ಲಿ ಅದೂ ಇದೆ. ಗಲ್ಲಿ ಗಲ್ಲಿಯ ಆಪರೇಟರ್ ಅವರವರ ಊರಿನಲ್ಲೇ ಉಳಿದರು, ಹಿಂದಿನ ಲೈನು, ಬ್ಯಾಂಡ್‌ವಿಡ್ತ್ ಖರೀದಿ ಮಾತ್ರ ಒಂದಾಯಿತು. ನಮ್ಮ ಭಾಗದಲ್ಲಿ ಇದು ಯಾಕೆ ಆಗಬಾರದು?

ಕಾನೂನಿನ ಒಂದು ಮಾತು: ನೀವು ಫ್ರಾಂಚೈಸಿ, ಹಾಗಾಗಿ ನಿಮ್ಮ ಕಂಪನಿಯ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ನಿಮ್ಮ ಸ್ವಂತ ಡಾರ್ಕ್ ಫೈಬರನ್ನು (ಬಳಸದೆ ಖಾಲಿ ಇರುವ ಎಳೆ) ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಅದಕ್ಕೆ ದೂರಸಂಪರ್ಕ ಇಲಾಖೆಯಲ್ಲಿ ಐಪಿ-1 ಅನ್ನುವ ನೋಂದಣಿ ಬೇರೆ ಇದೆ.

ಪ್ರಶ್ನೆ: ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಶಿಕ್ಷಕಿ ನಾನು. ಬೇಸಿಗೆ ಬಂತೆಂದರೆ ನಮ್ಮ ಮೋಡೆಮ್‌ನಲ್ಲಿ ಕೆಂಪು ಲೈಟ್. ಕನೆಕ್ಷನ್ ಕೊಟ್ಟವರು "ಮೇನ್ ಲೈನ್ ನಮ್ಮದಲ್ಲ" ಅಂತಾರೆ, ಮೇನ್ ಲೈನ್‌ನವರು "ಊರೊಳಗಿನ ತೊಂದರೆ" ಅಂತಾರೆ. ನಾನು ಯಾರನ್ನು ಹಿಡಿಯಲಿ?

ಉತ್ತರ: ರೀಚಾರ್ಜ್ ದುಡ್ಡು ಯಾರಿಗೆ ಕೊಡುತ್ತೀರೋ ಅವರನ್ನು. ಹಿಂದೆ ಯಾರ ಲೈನ್ ಇದೆ ಅನ್ನುವುದು ನಿಮ್ಮ ತಲೆನೋವು ಅಲ್ಲವೇ ಅಲ್ಲ. ಇಬ್ಬರು ಆಪರೇಟರುಗಳು ಲೈನ್ ಹಂಚಿಕೊಂಡು ರಿಪೇರಿ ಹಂಚಿಕೊಳ್ಳದೇ ಬಿಟ್ಟರೆ ಆಗುವುದು ಇದೇ, ಮೇಲಿನ ಶಹಾಪುರದವರು ಈ ಪತ್ರವನ್ನೂ ಓದಬೇಕು.

ಮೋಡೆಮ್ ಮೇಲೆ "ಎಲ್ಒಎಸ್" ಅಂತ ಬರೆದಿರುವ ಕಡೆ ಕೆಂಪು ಮಿಣುಕಿದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಇಲ್ಲವೇ ತೀರಾ ಕಡಿಮೆ ಬರುತ್ತಿದೆ ಅಂತ ಅರ್ಥ. ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಇದು ಸರಿಹೋಗುವುದಿಲ್ಲ. ಮನೆಯೊಳಗೆ ಹಳದಿ ಅಥವಾ ಬಿಳಿ ಸಣ್ಣ ವೈರ್ ಎಲ್ಲಾದರೂ ಚೂಪಾಗಿ ಮಡಚಿದೆಯಾ ನೋಡಿ. ಫೈಬರ್ ಒಳಗಿರುವುದು ಗಾಜು, ಮಡಚಿದರೆ ಬೆಳಕು ಸೋರಿ ಹೋಗುತ್ತದೆ. ಇಲಿ ಕಡಿದಿದ್ದರೂ ಹೀಗೇ ಆಗುತ್ತದೆ.

ಬೇಸಿಗೆಯಲ್ಲೇ ಯಾಕೆ ಅಂದರೆ ನಮ್ಮ ಎರೆ ಭೂಮಿ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕೇಬಲನ್ನು ಮೇಲೆ ಮೇಲೆ ಹೂತಿದ್ದರೆ ಬಿರುಕಿನ ಎರಡೂ ದಂಡೆ ಅದನ್ನು ಜಗ್ಗುತ್ತವೆ, ಜಾಯಿಂಟ್ ಇರುವ ಕಡೆ ಎಳೆ ಸಡಿಲವಾಗುತ್ತದೆ. ಭಾರತ್‌ನೆಟ್‌ನಂಥ ಯೋಜನೆಗಳಲ್ಲಿ ಒಂದೂವರೆ ಮೀಟರಿಗಿಂತ ಆಳ ಹೂಳಬೇಕು ಅಂತ ನಿಯಮ ಇರುವುದು ಸುಮ್ನೆ ಅಲ್ಲ. ಜೊತೆಗೆ ಬೇಸಿಗೆಯಲ್ಲೇ ರಸ್ತೆ ಕೆಲಸ, ಹೊಲದ ಕೆಲಸ, ಪೈಪ್‌ಲೈನ್ ಕೆಲಸ. ಅಗೆಯುವ ಮೊದಲು ಕೇಬಲ್‌ನವರಿಗೆ ತಿಳಿಸಲಿ ಅಂತಲೇ 2023ರಲ್ಲಿ ಕೇಂದ್ರ ಸರ್ಕಾರ "ಕಾಲ್ ಬಿಫೋರ್ ಯು ಡಿಗ್" ಅನ್ನುವ ಆ್ಯಪ್ ತಂದಿದೆ. ನಿಮ್ಮ ಪಂಚಾಯಿತಿಯವರಿಗೆ, ಜೆಸಿಬಿ ಇಟ್ಟವರಿಗೆ ಇದನ್ನು ಹೇಳಿ.

ದೂರು ಕೊಡುವಾಗ ಬರೀ "ನೆಟ್ ಇಲ್ಲ" ಅನ್ನಬೇಡಿ. ಕೆಂಪು ಲೈಟಿನ ಫೋಟೋ, ಟೈಮು, ಪಕ್ಕದ ಮನೆಯಲ್ಲಿ ಬರುತ್ತಿದೆಯೋ ಇಲ್ಲವೋ, ಇಷ್ಟು ಕಳಿಸಿ. ಇಡೀ ಓಣಿಗೆ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಮೇನ್ ಲೈನ್ ಅಥವಾ ಬೆಳಕನ್ನು ಮನೆ ಮನೆಗೆ ಹಂಚುವ ಸ್ಪ್ಲಿಟರ್ ಹತ್ತಿರ ಇರುತ್ತದೆ. ನಿಮ್ಮ ಮನೆಗೆ ಮಾತ್ರ ಇಲ್ಲದಿದ್ದರೆ ಮನೆಗೆ ಬರುವ ಡ್ರಾಪ್ ವೈರ್ ನೋಡಬೇಕು. ಆಗ ಅವರು ಒಬ್ಬರ ಮೇಲೆ ಒಬ್ಬರು ತಪ್ಪು ಹಾಕಲು ಜಾಗ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಬೀದರ್ ಜಿಲ್ಲೆ ಔರಾದ್ ಕಡೆಯವನು, ಡಿಪ್ಲೊಮಾ ಮುಗಿಸಿದ್ದೇನೆ. ನಮ್ಮೂರು ಆಪರೇಟರ್ ಆಫೀಸಿನಿಂದ 12 ಕಿಲೋಮೀಟರ್. "ಅಷ್ಟು ದೂರ ಸಿಗ್ನಲ್ ಬರಲ್ಲ" ಅಂತಾರೆ. ನಿಜವಾ?

ಉತ್ತರ: ದೂರದ ನೆಪ ಒಪ್ಪಬೇಡಿ. ಈಗ ಮನೆಗಳಿಗೆ ಕೊಡುವ ಜಿಪಾನ್ ಪದ್ಧತಿ 20 ಕಿಲೋಮೀಟರ್‌ವರೆಗೆ ಹೋಗುತ್ತದೆ. ಡಿಪ್ಲೊಮಾ ಓದಿದ್ದೀರಲ್ಲ, ನೀವೇ ಲೆಕ್ಕ ಹಾಕಿ.

ಆಫೀಸಿನ ಒಎಲ್‌ಟಿ ಯಂತ್ರದಿಂದ ಬೆಳಕು ಸುಮಾರು ಪ್ಲಸ್ 3 ಡಿಬಿಎಂ (ಬೆಳಕಿನ ಬಲದ ಅಳತೆ) ಹೊರಡುತ್ತದೆ ಅಂತ ಇಟ್ಟುಕೊಳ್ಳಿ. 12 ಕಿಲೋಮೀಟರ್ ಫೈಬರಿಗೆ ಕಿಲೋಮೀಟರಿಗೆ 0.35 ಡಿಬಿಯಂತೆ ಲಾಸ್ (ದಾರಿಯಲ್ಲಿ ಕಳೆದುಹೋಗುವ ಬೆಳಕು) 4.2. ಊರಲ್ಲಿ 32 ಮನೆಗೆ ಹಂಚಲು ನಾಲ್ಕರ ಸ್ಪ್ಲಿಟರ್ ಒಂದು, ಅದರ ಮುಂದೆ ಎಂಟರದ್ದು. ಇವೆರಡಕ್ಕೆ ಸುಮಾರು 7.2 ಮತ್ತು 10.5. ದಾರಿಯಲ್ಲಿ ಹನ್ನೆರಡು ಜಾಯಿಂಟ್ ಇದ್ದರೆ ಒಂದಕ್ಕೆ 0.1ರಂತೆ 1.2. ನಾಲ್ಕು ಕನೆಕ್ಟರಿಗೆ 2. ಎಲ್ಲ ಕೂಡಿದರೆ 25.1. ಅಂದರೆ ನಿಮ್ಮ ಮನೆಗೆ ಮೈನಸ್ 22ರ ಸುಮಾರಿಗೆ ಬೆಳಕು ತಲುಪುತ್ತದೆ. ಸಾಮಾನ್ಯ ಮೋಡೆಮ್ ಮೈನಸ್ 27ರವರೆಗೂ ಹಿಡಿಯುತ್ತದೆ. ಆರಾಮಾಗಿ ಬರುತ್ತದೆ.

ಕೆಡುವುದು ಜಾಯಿಂಟ್‌ನಲ್ಲಿ. ಮಷೀನಿನಲ್ಲಿ ಚೆನ್ನಾಗಿ ಬೆಸೆದ ಜಾಯಿಂಟ್ ಲಾಸ್ 0.1ರ ಒಳಗೇ ಇರುತ್ತದೆ, ಧೂಳಿನಲ್ಲಿ ಅವಸರಕ್ಕೆ ಮಾಡಿದ್ದು ಒಂದೊಂದೇ 1 ಡಿಬಿ ತಿನ್ನಬಹುದು. ಹಾಗಿರುವ ಐದಾರು ಜಾಯಿಂಟ್ ಇದ್ದರೆ ಮೇಲಿನ ಲೆಕ್ಕದ ಉಳಿಕೆಯೆಲ್ಲ ಖಾಲಿ. ನಿಮ್ಮೂರಿನ ದಾರಿಯಲ್ಲಿ ಅರ್ಧ ಒಬ್ಬರ ಕೇಬಲ್, ಅರ್ಧ ಇನ್ನೊಬ್ಬರದ್ದು ಆಗಿದ್ದರೆ ಕೈ ಬದಲಾಗುವ ಜಾಗದಲ್ಲಿ ಪವರ್ ಮೀಟರ್ ಇಟ್ಟು ರೀಡಿಂಗ್ ತಗೊಂಡು ಇಬ್ಬರೂ ಬರೆದಿಟ್ಟುಕೊಳ್ಳಬೇಕು. ಮುಂದೆ ತೊಂದರೆ ಬಂದಾಗ ಯಾವ ಕಡೆ ಲಾಸ್ ಆಗಿದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಈ ಕೆಲಸ ನೀವೇ ಕಲಿಯಿರಿ ಅಂತ ನಮ್ಮ ಆಸೆ. ಇಬ್ಬರು ಮೂವರು ಆಪರೇಟರುಗಳು ಕೂಡಿ ಸಂಬಳ ಕೊಟ್ಟರೆ ಒಬ್ಬ ಒಳ್ಳೆ ಸ್ಪ್ಲೈಸರ್ ಊರಲ್ಲೇ ಇದ್ದು ಬದುಕಬಹುದು.

ಪ್ರಶ್ನೆ: ಚಿಂಚೋಳಿ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ ನಾನು. ನಮ್ಮ ಆಫೀಸಿನಲ್ಲಿ ಭಾರತ್‌ನೆಟ್ ಡಬ್ಬಿ ಇದೆ, ಲೈಟ್ ಹತ್ತಿದ್ದು ನೋಡಿಲ್ಲ. ಊರಿನ ಕೇಬಲ್‌ನವರು ಅದನ್ನು ಬಳಸಬಹುದಾ?

ಉತ್ತರ: ಬಳಸಬಹುದು, ಬಳಸಬೇಕು. ಈ ಯೋಜನೆ 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿದ್ದು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆಗೆ ಒಪ್ಪಿತು. ಅದರಲ್ಲಿ ಊರಿನವರೇ ಉದ್ಯಮಿಯಾಗಿ ಮನೆಗಳಿಗೆ ಕನೆಕ್ಷನ್ ಕೊಡುವ, ಬಂದ ಹಣವನ್ನು ಹಂಚಿಕೊಳ್ಳುವ ದಾರಿ ಇದೆ. ಭಾರತ್‌ನೆಟ್ ಉದ್ಯಮಿ ಅಂತ ಅದರ ಹೆಸರು, ನಡೆಸುವುದು ಬಿಎಸ್‌ಎನ್‌ಎಲ್. ನಿಮ್ಮ ಕೇಬಲ್‌ನವರು ಅಲ್ಲಿಗೆ ಅರ್ಜಿ ಹಾಕಲಿ.

ಅದಕ್ಕೆ ಮೊದಲು ನೀವು ಆ ಡಬ್ಬಿ ಇರುವ ಕೋಣೆಗೆ ಹೋಗಿ. ಪ್ಲಗ್ ಸಾಕೆಟ್‌ನಲ್ಲಿ ಇದೆಯಾ? ಬ್ಯಾಟರಿ ಸತ್ತಿದೆಯಾ? ಕೋಣೆ ಕೀಲಿ ಯಾರ ಹತ್ತಿರ? ಸಂಜೆ ಆಫೀಸ್ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರಾ? ಹಾಗೆ ಮಾಡಿದರೆ ರಾತ್ರಿ ಊರಿಗೆ ಊರೇ ನೆಟ್ ಇಲ್ಲದೆ ಕೂರುತ್ತದೆ. ಡಬ್ಬಿಗೆ ಬೇರೆ ವೈರಿಂಗ್ ಹಾಕಿಸಿ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಸಭೆಯಲ್ಲಿ ನಡಾವಳಿ ಬರೆಸಿ. ಶಾಲೆ, ಆರೋಗ್ಯ ಕೇಂದ್ರ, ಅರಿವು ಕೇಂದ್ರ, ಈ ಮೂರಕ್ಕೆ ಮೊದಲು ಕನೆಕ್ಷನ್ ಕೊಡಿಸಿ. ಪಹಣಿ ತೆಗೆಸಲು ಹೋಬಳಿಗೆ ಹೋಗುವ ರೈತರ ಬಸ್ ಚಾರ್ಜ್ ಉಳಿಸುವ ಶಕ್ತಿ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಆಪರೇಟರುಗಳು ಒಂದಾದರೆ ರೇಟ್ ಏರಿಸುವುದಿಲ್ಲವಾ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ಒಳ್ಳೆ ಪ್ರಶ್ನೆ. ಲೈನ್ ಹಂಚಿಕೊಳ್ಳುವುದು ಬೇರೆ, ರೇಟ್ ಮಾತಾಡಿಕೊಳ್ಳುವುದು ಬೇರೆ. "ಈ ಊರು ನಿನಗೆ, ಆ ಊರು ನನಗೆ, ಇಬ್ಬರೂ ಇಷ್ಟೇ ರೇಟ್" ಅಂತ ಕೂತು ಒಪ್ಪಂದ ಮಾಡಿಕೊಂಡರೆ ಅದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಕರಾರಿನಲ್ಲಿ ಅಂಥ ಒಂದು ಸಾಲೂ ಇರಬಾರದು. ಒಂದೇ ಲೈನ್ ಮೇಲೆ ಇಬ್ಬರೂ ನಿಮ್ಮ ಓಣಿಗೆ ಬಂದು ಕನೆಕ್ಷನ್ ಮಾರುವಂತಿದ್ದರೆ ನಿಮಗೇ ಲಾಭ.

ಪ್ರಶ್ನೆ: ಬಸವಕಲ್ಯಾಣದಲ್ಲಿ ಸಂಜೆ ಆದರೆ ವಿಡಿಯೋ ಸುತ್ತುತ್ತಲೇ ಇರುತ್ತದೆ. ಬೆಂಗಳೂರು ದೂರ ಇರುವುದಕ್ಕಾ?

ಉತ್ತರ: ಅಲ್ಲ. ಫೈಬರ್‌ನಲ್ಲಿ ಬೆಳಕು 200 ಕಿಲೋಮೀಟರನ್ನು ಒಂದು ಮಿಲಿಸೆಕೆಂಡಿನಲ್ಲಿ ದಾಟುತ್ತದೆ, ಬೆಂಗಳೂರಿಗೆ ಹೋಗಿಬಂದರೂ ಹತ್ತಿಪ್ಪತ್ತು ಮಿಲಿಸೆಕೆಂಡಿನ ಮಾತು. ಸಂಜೆ ಎಲ್ಲರೂ ಒಟ್ಟಿಗೆ ಕೂತಾಗ ನಿಮ್ಮ ಆಪರೇಟರ್ ಕೊಂಡ ಬ್ಯಾಂಡ್‌ವಿಡ್ತ್ ಸಾಲುವುದಿಲ್ಲ, ಅಷ್ಟೇ. ಒಬ್ಬೊಬ್ಬರೇ ಸಣ್ಣ ಪ್ರಮಾಣದಲ್ಲಿ ಕೊಂಡರೆ ರೇಟೂ ಜಾಸ್ತಿ. ದೊಡ್ಡ ವಿಡಿಯೋ ಕಂಪನಿಗಳು ತಮ್ಮ ಕ್ಯಾಶ್ ಸರ್ವರನ್ನು (ವಿಡಿಯೋದ ಪ್ರತಿ ಹತ್ತಿರದಲ್ಲೇ ಇಟ್ಟುಕೊಂಡು ಕೊಡುವ ಯಂತ್ರ) ಒಂದು ಮಟ್ಟದ ಟ್ರಾಫಿಕ್ ಇರುವ ಕಡೆಯೇ ಇಡುತ್ತವೆ, ಒಂಟಿ ಆಪರೇಟರಿಗೆ ಆ ಮಟ್ಟ ಮುಟ್ಟುವುದು ಕಷ್ಟ. ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣದ ಆಪರೇಟರುಗಳು ಕೂಡಿ ಹತ್ತಿರದ ಹೈದರಾಬಾದಿನಿಂದ ಒಟ್ಟಿಗೆ ಖರೀದಿ ಮಾಡಿದರೆ ಕಡಿಮೆ ರೇಟು, ಕ್ಯಾಶ್ ಸರ್ವರ್ ಎರಡೂ ಸಾಧ್ಯ. ನಿಮ್ಮ ಆಪರೇಟರನ್ನು ಸಂಜೆ 7ರಿಂದ 11ರ ಬಳಕೆಯ ಗ್ರಾಫ್ ತೋರಿಸಿ ಅಂತ ಕೇಳಿ. ಗೆರೆ ಮೇಲಕ್ಕೆ ಹೋಗಿ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ನಿಂತಿದ್ದರೆ ಲೈನ್ ತುಂಬಿದೆ ಅಂತ ಅರ್ಥ, ಇನ್ನಷ್ಟು ಬ್ಯಾಂಡ್‌ವಿಡ್ತ್ ಕೊಳ್ಳಲೇಬೇಕು.